ಗ್ಯಾಸ್ ವಾಸನೆ ಬಂತೇ? ಸ್ವಿಚ್ ಮುಟ್ಟಬೇಡಿ!

(ಕಂಕನಾಡಿಯ ಯುವಜನರ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಬಿಸಿ ಬಿಸಿ ಭಾಷಣ ಕೇಳಲು ಬಂದಿದ್ದೀರಿ. ಇವತ್ತು ನಿಜವಾಗಿ ಸುಡುವುದರ ಬಗ್ಗೆಯೇ ಮಾತಾಡುತ್ತೇನೆ. ನಿಮ್ಮ ಅಡಿಗೆಮನೆಯ ಕೆಂಪು ಸಿಲಿಂಡರು!

ಪೆರ್ನೆ ನೆನಪಿದೆಯೇ? 2013ರ ಏಪ್ರಿಲ್ 9. ಬೆಂಗಳೂರು ಹೆದ್ದಾರಿಯಲ್ಲಿ, ಉಪ್ಪಿನಂಗಡಿ ಹತ್ತಿರ ಗ್ಯಾಸ್ ಟ್ಯಾಂಕರ್ ಮಗುಚಿತು. ಸೋರಿದ ಅನಿಲ ಹೊತ್ತಿಕೊಂಡು ರಸ್ತೆ ಬದಿಯ ಮನೆಗಳು ಉರಿದವು, ಜನ ಸುಟ್ಟು ಸತ್ತರು. ಅದರ ಹಿಂದಿನ ವರ್ಷ, 2012ರ ಆಗಸ್ಟ್ 27ರ ರಾತ್ರಿ ಕಣ್ಣೂರಿನ ಚಾಲದಲ್ಲಿ ಮಗುಚಿದ ಟ್ಯಾಂಕರ್ 20 ಜನರನ್ನು ಬಲಿ ತೆಗೆದುಕೊಂಡಿತು. ನಿಮ್ಮ ಮನೆಯಲ್ಲಿರುವುದು 14.2 ಕಿಲೋ ಮಾತ್ರ. ಆದರೆ ಅನಿಲ ಅದೇ, ಗುಣವೂ ಅದೇ!

ಅದು ಗಾಳಿಗಿಂತ ಭಾರ. ಮೇಲೆ ಹಾರಿ ಹೋಗುವುದಿಲ್ಲ, ನೀರಿನ ಹಾಗೆ ನೆಲ ಹಿಡಿದು ಹರಿಯುತ್ತದೆ. ಗಾಳಿಯಲ್ಲಿ ನೂರಕ್ಕೆ ಎರಡು ಪಾಲು ಸೇರಿದರೆ ಸಾಕು, ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಸ್ವತಃ ಅದಕ್ಕೆ ವಾಸನೆಯಿಲ್ಲ. ಆ ಕೊಳಕು ನಾತವನ್ನು ನಿಮ್ಮನ್ನು ಎಚ್ಚರಿಸಲೆಂದೇ ಬೆರೆಸುತ್ತಾರೆ. ಆಟಿಯ ಮಳೆಗೆ ಕಿಟಕಿಗಳನ್ನೆಲ್ಲ ಮುಚ್ಚಿ ಮಲಗುವ ಊರು ನಮ್ಮದು. ರಾತ್ರಿ ಸೋರಿದ್ದು ಎಲ್ಲಿಗೆ ಹೋಗಬೇಕು? ಮಲಗುವ ಮೊದಲು ರೆಗ್ಯುಲೇಟರ್ ಮುಚ್ಚಿ!

ನಾತ ಮೂಗಿಗೆ ಬಡಿದರೆ ಲೈಟು, ಫ್ಯಾನು ಹಾಕಬೇಡಿ, ಉರಿಯುತ್ತಿದ್ದರೆ ಆರಿಸಲೂ ಬೇಡಿ. ಸ್ವಿಚ್ಚಿನ ಕಿಡಿಯೇ ಸಾಕು. ದೇವರ ದೀಪ ಉರಿಯುತ್ತಿದೆಯೇ ನೋಡಿ. ಒಲೆಯ ಗುಂಡಿ, ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿ ತೆರೆಯಿರಿ, ಅಜ್ಜಿ ಮಕ್ಕಳನ್ನು ಕರೆದುಕೊಂಡು ಹೊರಗೆ ನಡೆಯಿರಿ. ಫೋನು ಹೊರಗೆ ಬಂದ ಮೇಲೆ: ಸೋರಿಕೆಗೆ 1906, ಬೆಂಕಿಗೆ 101 ಅಥವಾ 112. ಫ್ಲಾಟಿನಲ್ಲಿದ್ದರೆ ಲಿಫ್ಟ್ ಬೇಡ, ಮೆಟ್ಟಿಲು ಇಳಿಯಿರಿ. ಅಕ್ಕಪಕ್ಕದವರನ್ನು ತುಳುವಿನಲ್ಲೋ ಕೊಂಕಣಿಯಲ್ಲೋ ಬ್ಯಾರಿಯಲ್ಲೋ ಕೂಗಿ ಎಬ್ಬಿಸಿ. ಆ ಹೊತ್ತಿನಲ್ಲಿ ಭಾಷೆಯ ಜಗಳವಿಲ್ಲ!

ಬಾಣಲೆಯ ಎಣ್ಣೆಗೆ ಬೆಂಕಿ ಹಿಡಿದರೆ ನೀರು ಹಾಕಬೇಡಿ. ನೀರು ತಳ ಸೇರಿ ಆವಿಯಾಗಿ, ಉರಿಯುವ ಎಣ್ಣೆಯನ್ನು ಮುಖಕ್ಕೇ ಎರಚುತ್ತದೆ. ಒಲೆ ಆರಿಸಿ, ತಟ್ಟೆ ಮುಚ್ಚಿ, ತಣಿಯುವ ತನಕ ತೆಗೆಯಬೇಡಿ. ಬಟ್ಟೆಗೆ ಹತ್ತಿದರೆ ಓಡಬೇಡಿ, ನೆಲಕ್ಕೆ ಬಿದ್ದು ಹೊರಳಿ. ಸುಟ್ಟ ಜಾಗಕ್ಕೆ ಟೂತ್‌ಪೇಸ್ಟು, ಶಾಯಿ, ದೋಸೆ ಹಿಟ್ಟು ಬಳಿಯುವ ಪಂಡಿತರು ಪ್ರತಿ ಮನೆಯಲ್ಲೂ ಇದ್ದಾರೆ. ಅವರನ್ನು ದೂರವಿಡಿ! ಇಪ್ಪತ್ತು ನಿಮಿಷ ನಲ್ಲಿಯ ತಣ್ಣೀರು ಹರಿಸಿ, ಆಸ್ಪತ್ರೆಗೆ ಒಯ್ಯಿರಿ. ಐಸು ಬೇಡ.

ಇನ್ನೊಂದು ಮಾತು. ಸಿಲಿಂಡರಿನ ಕುತ್ತಿಗೆಯ ಪಟ್ಟಿಯಲ್ಲಿ ಎ, ಬಿ, ಸಿ, ಡಿ ಅಕ್ಷರದ ಜೊತೆ ಇಸವಿ ಇರುತ್ತದೆ. ಎ ಎಂದರೆ ಮಾರ್ಚ್ ಕೊನೆ, ಡಿ ಎಂದರೆ ಡಿಸೆಂಬರ್ ಕೊನೆ. ಮರುಪರೀಕ್ಷೆಯ ಆ ಅವಧಿ ದಾಟಿದ್ದರೆ ವಾಪಸು ಕಳಿಸಿ. ರಬ್ಬರ್ ಪೈಪಿನ ಆಯುಷ್ಯ ಐದು ವರ್ಷ. ಸೋರಿಕೆ ನೋಡಲು ಸೋಪಿನ ನೀರು ಹಚ್ಚಿ, ಗುಳ್ಳೆ ಬರುತ್ತದೆ. ಕಡ್ಡಿ ಗೀರಿ ನೋಡುವ ಧೀರರು ನಮ್ಮಲ್ಲಿ ಇನ್ನೂ ಇದ್ದಾರೆ!

ಇದನ್ನೆಲ್ಲ ನಿಮ್ಮ ತಾಯಿಗೆ ಕನ್ನಡದಲ್ಲಿ ಹೇಳಿದವರು ಯಾರು? ನಾಳೆ ನಿಮ್ಮ ಗ್ಯಾಸ್ ಏಜೆನ್ಸಿಗೆ ಹೋಗಿ. ಸುರಕ್ಷತೆಯ ಸೂಚನೆ ಗೋಡೆಯ ಮೇಲೆ ಕನ್ನಡದಲ್ಲಿ ಇದೆಯೇ ನೋಡಿ. ಇಲ್ಲದಿದ್ದರೆ ಅಲ್ಲೇ ನಿಂತು, ಒಂದು ಕಾಗದ ಕೇಳಿ, ಅರ್ಜಿ ಬರೆದುಕೊಡಿ.