ಲಿನೇಯಸನ ಹೂವು

ನಮ್ಮ ಮಾವಿನ ಮರಕ್ಕೆ ಶಾಸ್ತ್ರಗ್ರಂಥಗಳಲ್ಲಿ ‘ಮ್ಯಾಂಗಿಫೆರ ಇಂಡಿಕ’ ಎಂಬ ಹೆಸರಿರುವುದನ್ನು ತಮ್ಮಲ್ಲಿ ಅನೇಕರು ಬಲ್ಲಿರಿ. 1753ರಲ್ಲಿ ಆ ಹೆಸರನ್ನು ಪ್ರಕಟಿಸಿದವನು ಸ್ವೀಡನ್ ದೇಶದ ಕಾರ್ಲ್ ಲಿನೇಯಸ್. ಸಸ್ಯಗಳಿಗೆ ಎರಡು ಪದಗಳ ಹೆಸರಿಡುವ ಪದ್ಧತಿಯನ್ನು ನೆಲೆಗೊಳಿಸಿದ ಈ ಪಂಡಿತನು ಸಾವಿರಾರು ಗಿಡಮರಗಳಿಗೆ ನಾಮಕರಣ ಮಾಡಿದನು. ಹಾಗಾದರೆ ಅವನ ಹೆಸರನ್ನೇ ಹೊತ್ತಿರುವ ಸಸ್ಯವಾವುದು? ಅದು ಗೇಣುದ್ದವೂ ಏಳದೆ ಕಾಡಿನ ನೆಲವನ್ನಪ್ಪಿ ಹಬ್ಬುವ ಪುಟ್ಟ ಬಳ್ಳಿ, ‘ಲಿನೇಯ ಬೋರಿಯಾಲಿಸ್’.

ಉತ್ತರ ಯೂರೋಪು, ಸೈಬೀರಿಯ, ಕೆನಡ ಮೊದಲಾದ ಶೀತಪ್ರದೇಶಗಳ ಪೈನ್ ಕಾಡುಗಳಲ್ಲಿ, ಪಾಚಿ ಮುಚ್ಚಿದ ತೇವದ ನೆಲವೇ ಇದರ ಮನೆ. ಹಿಮದ ಕೆಳಗೂ ಇದರ ಎಲೆ ಹಸುರು. ಬೇಸಗೆಯಲ್ಲಿ ನೂಲಿನಂತಹ ದಂಟೊಂದು ಮೇಲೆದ್ದು, ತುದಿಯಲ್ಲಿ ಎರಡಾಗಿ ಕವಲೊಡೆದು, ಒಂದೊಂದು ಕವಲಿಗೂ ನಸುಗೆಂಪಿನ ಗಂಟೆಯಂತಹ ಹೂವೊಂದನ್ನು ತೂಗಿಬಿಡುತ್ತದೆ. ಸುಗಂಧವೂ ಉಂಟು.

1732ರಲ್ಲಿ, 25ರ ಹರೆಯದಲ್ಲಿ, ಲಿನೇಯಸನು ಲ್ಯಾಪ್‌ಲೆಂಡಿನ ಕಾಡುಮೇಡುಗಳನ್ನು ಸಂಚರಿಸಿದನು. ಈ ಹೂವಿನ ಮೇಲೆ ಅವನಿಗೆ ವಿಶೇಷ ಮಮತೆ. ಅದನ್ನರಿತ ಮಿತ್ರ ಗ್ರೊನೋವಿಯಸನು ಅದಕ್ಕೆ ಅವನ ಹೆಸರನ್ನೇ ಇತ್ತನು. 1737ರ ಚಿತ್ರಪಟವೊಂದರಲ್ಲಿ ಲ್ಯಾಪ್‌ಲೆಂಡಿನ ಉಡುಪನ್ನು ತೊಟ್ಟ ಲಿನೇಯಸನ ಕೈಯಲ್ಲಿರುವುದು ಇದೇ ಸಸ್ಯ. ಮುಂದೆ ಕುಲೀನ ಪದವಿ ದೊರೆತಾಗ ಅವನು ತನ್ನ ಲಾಂಛನದಲ್ಲಿಯೂ ಇದಕ್ಕೆ ಸ್ಥಾನವಿತ್ತನು.

ಇಷ್ಟು ಮನ್ನಣೆ ಪಡೆದ ಹೂವಿಗೆ ಸ್ಕಾಟ್‌ಲೆಂಡಿನಲ್ಲಿ ಒಂದು ವಿಪತ್ತು ಒದಗಿದೆ. ಅಲ್ಲಿನ ಹಳೆಯ ಪೈನ್ ಕಾಡುಗಳು ಕಡಿದುಹೋಗಿ ತುಂಡುತುಂಡಾದಂತೆ ಬಳ್ಳಿಯೂ ಅಲ್ಲೊಂದು ಇಲ್ಲೊಂದು ಹಾಸಾಗಿ ಉಳಿಯಿತು. ಅನೇಕ ಕಡೆ ಇಡೀ ಹಾಸೇ ಒಂದು ಗಿಡದ ವಿಸ್ತಾರ. ಈ ಸಸ್ಯದಲ್ಲಾದರೋ ತನ್ನ ಪರಾಗದಿಂದ ತಾನೇ ಬೀಜಕಟ್ಟುವ ಕ್ರಮವಿಲ್ಲ. ಭಿನ್ನವಾದ ಮತ್ತೊಂದು ಗಿಡದ ಪರಾಗ ಬರಬೇಕು. ಅದನ್ನು ತರಬೇಕಾದ ಸಣ್ಣ ಕೀಟಗಳು ಸಾಮಾನ್ಯವಾಗಿ ಕೆಲವೇ ಗಜಗಳ ದೂರಕ್ಕೆ ಪರಾಗವನ್ನು ಒಯ್ಯುವಂಥವು. ಆದುದರಿಂದ ಬಳ್ಳಿ ಹಬ್ಬುತ್ತದೆ, ಹೂ ಅರಳುತ್ತದೆ, ಆದರೆ ಬೀಜ ವಿರಳ. ನೋಡುವವರ ಕಣ್ಣಿಗೆ ಸಮೃದ್ಧಿಯಾಗಿ ತೋರುವುದು ವಾಸ್ತವವಾಗಿ ಸಂತಾನವಿಲ್ಲದ ಮುಪ್ಪು.

ಇದನ್ನು ಕಂಡುಕೊಂಡ ಸಸ್ಯಜ್ಞರು ಈಗ ಬೇರೆ ಬೇರೆ ತಾಣಗಳಿಂದ ಬಳ್ಳಿಯ ತುಂಡುಗಳನ್ನು ತಂದು ಒಂದರ ಮಗ್ಗುಲಲ್ಲಿ ಇನ್ನೊಂದನ್ನು ನೆಡುತ್ತಿದ್ದಾರೆ. ದೂರವಾದ ನೆಂಟರನ್ನು ಒಂದೇ ಕೇರಿಗೆ ಕರೆತಂದು ಕೂಡಿಸುವಂತಹ ಕೆಲಸವಿದು. ಹೆಸರಿಟ್ಟು ಗ್ರಂಥದಲ್ಲಿ ಬರೆದಿಟ್ಟ ಮಾತ್ರಕ್ಕೆ ಯಾವ ಸಸ್ಯವೂ ಉಳಿಯದು. ಅದರ ನೆರೆಹೊರೆಯೂ ಉಳಿಯಬೇಕು.