ಬಿಸಿಗೂ ತೇವಕ್ಕೂ ಅಂಜುವ ಆಯಸ್ಕಾಂತ



ಎಲೆಕ್ಟ್ರಿಕ್ ಸ್ಕೂಟರಿನ ಮೋಟಾರು ಬಿಚ್ಚಿದರೆ ಒಳಗೆ ಚಪ್ಪಟೆಯಾದ, ಬೂದುಬಣ್ಣದ ಕೆಲವು ತುಂಡುಗಳು ಸಿಗುತ್ತವೆ. ನೋಡಲು ಏನೂ ವಿಶೇಷವಿಲ್ಲ. ಆದರೆ ಎರಡನ್ನು ಹತ್ತಿರ ತಂದಾಗ ನಡುವೆ ಸಿಕ್ಕಿಕೊಂಡ ಬೆರಳಿನ ಗತಿ ಕೇಳಬಾರದು. ನಿಯೋಡಿಮಿಯಂ, ಕಬ್ಬಿಣ, ಬೋರಾನ್ ಸೇರಿ ಆದ ಆಯಸ್ಕಾಂತ ಇದು. ಮಾರುಕಟ್ಟೆಯಲ್ಲಿರುವ ಶಾಶ್ವತ ಆಯಸ್ಕಾಂತಗಳಲ್ಲೆಲ್ಲ ಬಲಶಾಲಿ. ಇಂಥ ಜಟ್ಟಿಗೆ ಬಿಸಿಯೂ ಆಗದು, ತೇವವೂ ಆಗದು. ಈ ವಿಚಾರ ಸಂಕಿರಣದ ಮೂರು ವಿಷಯಗಳಾದ ಸ್ಥಿತ್ಯಂತರ, ಕಾಂತೀಯ ವಸ್ತುಗಳು ಮತ್ತು ಪಾಲಿಮರ್ ರಕ್ಷಾಲೇಪನ ಈ ಒಂದು ತುಂಡಿನಲ್ಲಿ ಒಟ್ಟಿಗೆ ವಾಸವಾಗಿವೆ. ವಿಶ್ವವಿದ್ಯಾಲಯಗಳಲ್ಲಿ ಮಾತ್ರ ಅವು ಭೌತಶಾಸ್ತ್ರ, ಲೋಹಶಾಸ್ತ್ರ, ರಸಾಯನಶಾಸ್ತ್ರ ಎಂದು ಮೂರು ಕಟ್ಟಡಗಳಲ್ಲಿವೆ.

ಮೊದಲು ಬಿಸಿಯ ಸಂಗತಿ. ಕೆಂಪಗೆ ಕಾಯಿಸಿದ ಕಬ್ಬಿಣ ಆಯಸ್ಕಾಂತಕ್ಕೆ ಸ್ಪಂದಿಸುವುದಿಲ್ಲ ಎಂಬುದು 1600ರಲ್ಲಿ ಪುಸ್ತಕ ಬರೆದ ವಿಲಿಯಂ ಗಿಲ್ಬರ್ಟನಿಗೇ ಗೊತ್ತಿತ್ತು. ಅದನ್ನು ಅಳತೆಗೆ ತಂದವರು ಪಿಯರೆ ಕ್ಯೂರಿ, 1895ರ ತಮ್ಮ ಡಾಕ್ಟರೇಟ್ ಪ್ರಬಂಧದಲ್ಲಿ. ಕಾಂತತ್ವ ಅಳಿಯುವ ಆ ಗಡಿಗೆ ಕ್ಯೂರಿ ತಾಪ ಎಂದು ಹೆಸರು; ಕಬ್ಬಿಣಕ್ಕೆ ಅದು ಸುಮಾರು 770 ಡಿಗ್ರಿ ಸೆಲ್ಸಿಯಸ್. ಅದನ್ನು ದಾಟಿದರೆ ಒಂದೇ ದಿಕ್ಕಿಗೆ ಮುಖ ಮಾಡಿದ್ದ ಪರಮಾಣುಗಳ ಕಾಂತಭ್ರಮಣೆಗಳು ಚೆಲ್ಲಾಪಿಲ್ಲಿಯಾಗುತ್ತವೆ. ಕಬ್ಬಿಣ ಕರಗುವುದಿಲ್ಲ, ಆಕಾರ ಬಿಡುವುದಿಲ್ಲ. ಆಯಸ್ಕಾಂತವಾಗಿ ಉಳಿಯುವುದೂ ಇಲ್ಲ. ಗ್ಯಾಡೊಲಿನಿಯಂ ಲೋಹಕ್ಕೆ ಈ ಗಡಿ ಸುಮಾರು 20 ಡಿಗ್ರಿ. ಬೆಂಗಳೂರಿನ ಚಳಿಗಾಲದ ಬೆಳಿಗ್ಗೆ ಅದು ಆಯಸ್ಕಾಂತ, ಮಧ್ಯಾಹ್ನದ ಹೊತ್ತಿಗೆ ಅಲ್ಲ.

ಕಾಂತಭ್ರಮಣೆಗಳ ಈ ಸ್ಥಿತ್ಯಂತರದ ಲೆಕ್ಕವನ್ನು ಐಸಿಂಗ್ 1925ರಲ್ಲಿ ಒಂದು ಆಯಾಮಕ್ಕಷ್ಟೇ ಬಿಡಿಸಿದ್ದು, ಆನ್ಸಾಗರ್ 1944ರಲ್ಲಿ ಎರಡು ಆಯಾಮಕ್ಕೆ ಬಿಡಿಸಿದ್ದು, ಸ್ಥಿತ್ಯಂತರಗಳ ಸಿದ್ಧಾಂತಕ್ಕೆ ಕೆನೆತ್ ವಿಲ್ಸನ್ 1982ರಲ್ಲಿ ನೊಬೆಲ್ ಪಡೆದದ್ದು ಸಭೆಗೆ ಗೊತ್ತಿರುವ ಇತಿಹಾಸ. ಘನವಸ್ತುಗಳ ಸ್ಥಿತ್ಯಂತರಗಳ ಬಗ್ಗೆ ಸಿ.ಎನ್.ಆರ್. ರಾವ್ ಮತ್ತು ಕೆ.ಜೆ. ರಾವ್ 1978ರಲ್ಲಿ ಹೊರತಂದ ಗ್ರಂಥವನ್ನು ಇಲ್ಲಿ ನೆನೆಯದೆ ಮುಂದೆ ಹೋಗುವುದು ತರವಲ್ಲ. ಬಸವನಗುಡಿಯಲ್ಲಿ ಹುಟ್ಟಿದ ಸಿ.ಎನ್.ಆರ್. ರಾವ್ ಈ ಕ್ಷೇತ್ರದ ಪಠ್ಯವನ್ನೇ ಬರೆದವರಲ್ಲಿ ಒಬ್ಬರು.

ಅದೇ 1978ರಲ್ಲಿ ಜಪಾನಿನ ಒಂದು ವಿಚಾರ ಸಂಕಿರಣದಲ್ಲಿ, ಇಂದಿನ ಹಾಗೆಯೇ, ಕೆಲವರು ಕೂತು ಕೇಳುತ್ತಿದ್ದರು. ಹಮಾನೊ ಎಂಬುವರ ಉಪನ್ಯಾಸ. ಕಬ್ಬಿಣ ಮತ್ತು ನಿಯೋಡಿಮಿಯಂನಂಥ ವಿರಳ ಭಸ್ಮ ಲೋಹಗಳ ಸಂಯುಕ್ತಗಳಲ್ಲಿ ಕಬ್ಬಿಣದ ಪರಮಾಣುಗಳು ಒಂದಕ್ಕೊಂದು ತೀರ ಹತ್ತಿರ ಇವೆ, ಹಾಗಾಗಿ ಅವುಗಳ ಕ್ಯೂರಿ ತಾಪ ಕಡಿಮೆ ಎಂದು ಅವರು ವಿವರಿಸಿದರು. ಕೇಳುಗರಲ್ಲಿದ್ದ ಮಸಾತೊ ಸಗಾವಾ ಅವರಿಗೆ ಥಟ್ಟನೆ ಹೊಳೆಯಿತು: ಹತ್ತಿರ ಇರುವುದೇ ತೊಂದರೆಯಾದರೆ ನಡುವೆ ಇಂಗಾಲವನ್ನೋ ಬೋರಾನನ್ನೋ ತೂರಿಸಿ ದೂರ ಮಾಡಬಾರದೇಕೆ? ಆಗ ಅವರಿದ್ದ ಕಂಪನಿಗೆ ಇದರಲ್ಲಿ ಆಸಕ್ತಿ ಇರಲಿಲ್ಲ. ಸಗಾವಾ ಕೆಲಸ ಬಿಟ್ಟು 1982ರಲ್ಲಿ ಸುಮಿಟೊಮೊ ಸ್ಪೆಷಲ್ ಮೆಟಲ್ಸ್ ಸೇರಿದರು. ಅದೇ ವರ್ಷ ಆಯಸ್ಕಾಂತ ಸಿದ್ಧವಾಯಿತು. ಬೋರಾನ್ ಇಲ್ಲದ ನಿಯೋಡಿಮಿಯಂ–ಕಬ್ಬಿಣದ ಸಂಯುಕ್ತ 60 ಡಿಗ್ರಿಯ ಆಸುಪಾಸಿನಲ್ಲೇ ಕೈಚೆಲ್ಲುತ್ತಿತ್ತು. ತೂಕದಲ್ಲಿ ನೂರಕ್ಕೆ ಒಂದು ಪಾಲು ಬೋರಾನ್ ಸೇರಿದ ಹೊಸ ಸಂಯುಕ್ತ ಸುಮಾರು 310 ಡಿಗ್ರಿವರೆಗೆ ನಿಂತಿತು. ಬೋರಾನ್ ಅಲ್ಲಿ ಮಾಡುವ ಕೆಲಸ ಸಗಾವಾ ಎಣಿಸಿದಷ್ಟು ಸರಳವಲ್ಲ ಎಂದು ಆಮೇಲೆ ತಿಳಿಯಿತು. ಅಷ್ಟರಲ್ಲಿ ಆಯಸ್ಕಾಂತ ಲೋಕ ಸುತ್ತಿ ಬಂದಿತ್ತು. ಅಮೆರಿಕದ ಜನರಲ್ ಮೋಟಾರ್ಸ್‌ನಲ್ಲಿ ಜಾನ್ ಕ್ರೋಟ್ ಬೇರೆ ದಾರಿಯಲ್ಲಿ ಹೆಚ್ಚುಕಡಿಮೆ ಅದೇ ಹೊತ್ತಿಗೆ ಅದೇ ವಸ್ತುವನ್ನು ತಲುಪಿದ್ದರು.

310 ಡಿಗ್ರಿ ಎಂದರೆ ಅಲ್ಲಿಯವರೆಗೂ ನಿಶ್ಚಿಂತೆ ಎಂದಲ್ಲ. ಸಾಮಾನ್ಯ ದರ್ಜೆಯ ತುಂಡು 80 ಡಿಗ್ರಿ ಮೀರಿದರೆ ಮೋಟಾರಿನ ಎದುರು ಕಾಂತಕ್ಷೇತ್ರಕ್ಕೆ ಸೋತು ಬಲ ಕಳೆದುಕೊಳ್ಳತೊಡಗುತ್ತದೆ. ಅದಕ್ಕೆಂದೇ ವಾಹನದ ಮೋಟಾರಿಗೆ ಹೋಗುವ ತುಂಡುಗಳಿಗೆ ಡಿಸ್ಪ್ರೋಸಿಯಂ ಬೆರೆಸುತ್ತಾರೆ. 2025ರ ಏಪ್ರಿಲ್‌ನಲ್ಲಿ ಚೀನಾ ರಫ್ತಿಗೆ ಪರವಾನಗಿ ಕಡ್ಡಾಯ ಮಾಡಿದ ಲೋಹಗಳ ಪಟ್ಟಿಯಲ್ಲಿ ಈ ಡಿಸ್ಪ್ರೋಸಿಯಂ ಇತ್ತು. ಅದರ ಬಿಸಿ ಭಾರತದ ವಾಹನ ಕಾರ್ಖಾನೆಗಳಿಗೂ ತಟ್ಟಿತು.

ತೇವದ ಕಥೆ ಇನ್ನೂ ಸೂಕ್ಷ್ಮ. ಸೂಕ್ಷ್ಮದರ್ಶಕದಡಿ ಈ ಆಯಸ್ಕಾಂತ ಕೆಲವೇ ಮೈಕ್ರಾನ್ ಗಾತ್ರದ ಹರಳುಗಳ ಗೋಡೆಯಂತೆ ಕಾಣುತ್ತದೆ. ಇಟ್ಟಿಗೆಗಳ ನಡುವಿನ ಗಾರೆಯ ಜಾಗದಲ್ಲಿ ನಿಯೋಡಿಮಿಯಂ ಹೆಚ್ಚಿರುವ ತೆಳುಪದರ. ಆಯಸ್ಕಾಂತ ಸುಲಭವಾಗಿ ದಿಕ್ಕು ಬದಲಿಸದಂತೆ ಕಾಯುವುದು ಈ ಗಾರೆಯೇ, ಮೊದಲು ಕೊಳೆಯುವುದೂ ಇದೇ. ಆವಿಯಾಗಿ ಬಂದ ನೀರು ನಿಯೋಡಿಮಿಯಂ ಜೊತೆ ಸೇರಿ ಹೈಡ್ರಾಕ್ಸೈಡ್ ಆಗುತ್ತದೆ, ಹೈಡ್ರೋಜನ್ ಬಿಡುಗಡೆಯಾಗುತ್ತದೆ. ಆ ಹೈಡ್ರೋಜನ್ನನ್ನು ಗಾರೆ ಹೀರಿಕೊಂಡು ಉಬ್ಬುತ್ತದೆ. ಹರಳುಗಳು ಒಂದೊಂದಾಗಿ ಕಳಚಿ ಬೀಳುತ್ತವೆ. ಕಬ್ಬಿಣದ ಸರಳಿನ ಹಾಗೆ ಹೊರಗೆ ಕೆಂಪಾಗಿ ಎಚ್ಚರಿಸುವ ತುಕ್ಕಲ್ಲ ಇದು. ತುಂಡಿನ ಅಂಚು ಮುಟ್ಟಿದರೆ ಕಪ್ಪು ಪುಡಿ ಬೆರಳಿಗೆ ಅಂಟುತ್ತದೆ, ಅಷ್ಟೆ.

ಹೀಗಾಗಿ ಲೇಪನ. ನಿಕ್ಕಲ್–ತಾಮ್ರ–ನಿಕ್ಕಲ್ ಮುಲಾಮು ಎಲ್ಲರಿಗೂ ಪರಿಚಿತ, ಆದರೆ ಮುಲಾಮಿನ ತೊಟ್ಟಿಯಲ್ಲೇ ಹೈಡ್ರೋಜನ್ ಒಳಗೆ ನುಸುಳುವ ಅಪಾಯವಿದೆ. ಎಪಾಕ್ಸಿ ಎಂಬ ಪಾಲಿಮರನ್ನು ವಿದ್ಯುತ್ ಹರಿಸಿ ಕೂರಿಸುತ್ತಾರೆ, ದಪ್ಪ ಒಂದೆರಡು ಡಜನ್ ಮೈಕ್ರಾನ್. ವೈದ್ಯಕೀಯ ಸಾಧನಗಳ ಪುಟ್ಟ ಆಯಸ್ಕಾಂತಗಳಿಗೆ ಪ್ಯಾರಿಲಿನ್: ನಿರ್ವಾತದಲ್ಲಿ ಆವಿಯಾಗಿ ಬಂದು, ಕೋಣೆಯ ತಾಪದಲ್ಲೇ ಮೇಲ್ಮೈ ಮೇಲೆ ಪಾಲಿಮರ್ ಆಗಿ ಹೆಪ್ಪುಗಟ್ಟುವ ಇದಕ್ಕೆ ದ್ರಾವಕ ಬೇಡ, ಮೂಲೆ ಮುಡುಕುಗಳಲ್ಲೂ ಒಂದೇ ದಪ್ಪ.

ಮೂರು ಕಟ್ಟಡಗಳವರು ಸೇರಲೇಬೇಕಾದ ಜಾಗ ಇದೇ. ನಿಯೋಡಿಮಿಯಂ ಆಯಸ್ಕಾಂತವನ್ನು ಕಾಯಿಸಿದರೆ ಕಾಂತಾಕ್ಷದ ಉದ್ದಕ್ಕೆ ಅದು ಹಿಗ್ಗುತ್ತದೆ, ಅಡ್ಡಕ್ಕೆ ಕುಗ್ಗುತ್ತದೆ! ಬಿಸಿಯಾದಾಗ ಕುಗ್ಗುವ ಈ ವಿಚಿತ್ರಕ್ಕೆ ಕಾರಣ ಕಾಂತತ್ವವೇ. ಪರಮಾಣುಗಳ ಭ್ರಮಣೆಗಳು ಸಾಲಾಗಿ ನಿಂತಾಗ ಹರಳಿನ ಜಾಲ ತುಸು ಉಬ್ಬಿರುತ್ತದೆ, ಕ್ಯೂರಿ ತಾಪದತ್ತ ಸಾಗಿದಂತೆ ಆ ಉಬ್ಬು ಇಳಿಯುತ್ತದೆ. 1896ರಲ್ಲಿ ಗಿಯೋಮ್ ಕಂಡುಹಿಡಿದ ಇನ್ವಾರ್ ಮಿಶ್ರಲೋಹ ಬಿಸಿಗೆ ಹೆಚ್ಚೇನೂ ಹಿಗ್ಗದೆ ಉಳಿಯುವುದಕ್ಕೂ ಇಂಥದೇ ಕಾರಣ. ಇತ್ತ ಎಪಾಕ್ಸಿಯೋ, ಎಲ್ಲ ದಿಕ್ಕಿಗೂ ಧಾರಾಳವಾಗಿ ಹಿಗ್ಗುವ ವಸ್ತು. ಸ್ಕೂಟರು ಓಡಿ ನಿಂತ ಪ್ರತಿ ಬಾರಿಯೂ ಲೇಪನ ಒಂದು ಕಡೆಗೆ, ಲೋಹ ಇನ್ನೊಂದು ಕಡೆಗೆ ಜಗ್ಗುತ್ತವೆ. ಜೊತೆಗೆ ಎಪಾಕ್ಸಿಗೆ ತನ್ನದೇ ಗಾಜು ಸ್ಥಿತ್ಯಂತರವಿದೆ (ಅದು ನಿಜವಾದ ಸ್ಥಿತ್ಯಂತರ ಹೌದೋ ಅಲ್ಲವೋ ಎಂಬ ಜಗಳ ಊಟದ ಹೊತ್ತಿಗೆ ಇರಲಿ). ಆ ತಾಪ ಮುಟ್ಟಿದರೆ ಪಾಲಿಮರ್ ಸರಪಳಿಗಳು ಸಡಿಲಗೊಂಡು ನೀರಿಗೆ ದಾರಿ ಬಿಡುತ್ತವೆ. ಅಂದಮೇಲೆ ಲೇಪನ ಆರಿಸುವವರು ಆಯಸ್ಕಾಂತದ ಸ್ಥಿತ್ಯಂತರವನ್ನು ಅರಿಯದೆ ಆರಿಸುವುದು ಕಣ್ಣು ಕಟ್ಟಿಕೊಂಡು ಆರಿಸಿದಂತೆ. ಲೇಪನ ಎಂದರೆ ಕೊನೆಗೆ ಬಳಿಯುವ ಬಣ್ಣ ಎಂಬ ಉದಾಸೀನ ಪ್ರಯೋಗಾಲಯಗಳಲ್ಲಿ ಇನ್ನೂ ಇದೆ.

ಲೇಪನದ ಪರೀಕ್ಷೆಗಳ ಬಗ್ಗೆಯೂ ಒಂದು ತಕರಾರು. ಉಪ್ಪುಮಂಜಿನ ಪೆಟ್ಟಿಗೆಯಲ್ಲಿ ನೂರಕ್ಕೆ ಐದರಷ್ಟು ಉಪ್ಪುನೀರು, 35 ಡಿಗ್ರಿ. ಇನ್ನೊಂದರಲ್ಲಿ ಸುಮಾರು 120 ಡಿಗ್ರಿಯ ಒತ್ತಡದ ಹಬೆ. ಎರಡನೆಯದರ ಹೆಸರೇ ಪ್ರೆಷರ್ ಕುಕರ್ ಪರೀಕ್ಷೆ. ಹೊರತೆಗೆದು ಚದರ ಸೆಂಟಿಮೀಟರಿಗೆ ಎಷ್ಟು ಮಿಲಿಗ್ರಾಂ ಉದುರಿತೆಂದು ತೂಗುತ್ತಾರೆ. ಎರಡು ಮಾದರಿಗಳನ್ನು ಹೋಲಿಸಲು ಇದು ಸಾಕು, ಆಯಸ್ಸು ಹೇಳಲು ಸಾಲದು. ಕರಾವಳಿಯ ಉಪ್ಪುಗಾಳಿ, ಮಲೆನಾಡಿನ ತಿಂಗಳುಗಟ್ಟಲೆ ಮಳೆ, ನಡುವೆ ಒಣ ಬೇಸಿಗೆ ಯಾವ ಪೆಟ್ಟಿಗೆಯಲ್ಲೂ ಇಲ್ಲ. ಕೊಡಚಾದ್ರಿಯ ಮೂಲ ಮೂಕಾಂಬಿಕಾ ಗುಡಿಯ ಎದುರು ಅಂಥ ಮಳೆಯಲ್ಲೇ ಒಂದು ಕಬ್ಬಿಣದ ಕಂಬ ನಿಂತಿದೆ, ಲೋಹಶಾಸ್ತ್ರಜ್ಞ ಟಿ.ಆರ್. ಅನಂತರಾಮನ್ 1999ರಲ್ಲಿ ಅದರ ಬಗ್ಗೆ ಬರೆದರು. ದೆಹಲಿಯ ಕಬ್ಬಿಣದ ಕಂಬ ತುಕ್ಕು ಹಿಡಿಯದಿರುವುದಕ್ಕೆ ರಂಜಕ ಹೆಚ್ಚಿರುವ ಕಬ್ಬಿಣದ ಮೇಲೆ ತಾನಾಗಿ ಬೆಳೆದ ಫಾಸ್ಫೇಟ್ ಪದರ ಕಾರಣವೆಂದು ಆರ್. ಬಾಲಸುಬ್ರಮಣ್ಯಂ ತೋರಿಸಿಕೊಟ್ಟಿದ್ದಾರೆ. ಈ ಕಂಬಗಳನ್ನು ಪರೀಕ್ಷಿಸಿದ್ದು ಬಯಲಿನ ಹವೆಯೇ. ಹಾಗೆಯೇ ಲೇಪಿಸಿದ ಆಯಸ್ಕಾಂತದ ಮಾದರಿಗಳನ್ನೂ ಆಗುಂಬೆಯ ಒಂದು ಮಾಡಿನ ಕೆಳಗೆ, ಮಂಗಳೂರಿನ ಒಂದು ದಂಡೆಯ ಬಳಿ ವರ್ಷಗಟ್ಟಲೆ ಇಟ್ಟು ನೋಡುವ ಕೆಲಸಕ್ಕೆ ಹೆಚ್ಚು ಹಣ ಬೇಡ, ತಾಳ್ಮೆ ಬೇಕು.

2025ರ ನವೆಂಬರಿನಲ್ಲಿ ಕೇಂದ್ರ ಸಚಿವ ಸಂಪುಟ ಇಂಥ ಆಯಸ್ಕಾಂತಗಳ ತಯಾರಿಕೆಗೆ 7,280 ಕೋಟಿ ರೂಪಾಯಿಯ ಯೋಜನೆಯನ್ನು ಒಪ್ಪಿತು. ಗುರಿ ವರ್ಷಕ್ಕೆ 6,000 ಟನ್. ಅಷ್ಟು ತುಂಡುಗಳಿಗೂ ಲೇಪನ ಬೇಕು. ಮುಂದೊಂದು ದಿನ ಅವೆಲ್ಲ ಹಳೆಯ ಮೋಟಾರಿನಿಂದ ಹೊರಬರಲೂ ಬೇಕು. ಬ್ರಿಟನ್ನಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ರೆಕ್ಸ್ ಹ್ಯಾರಿಸ್ ಅವರ ತಂಡ ಹೈಡ್ರೋಜನ್ನಿನ ಉಪದ್ರವವನ್ನೇ ಉಪಾಯವಾಗಿಸಿತು: ಹಳೆಯ ಹಾರ್ಡ್ ಡಿಸ್ಕ್‌ಗಳಿಗೆ ಹೈಡ್ರೋಜನ್ ತುಂಬಿದರೆ ಆಯಸ್ಕಾಂತ ತಾನಾಗಿ ಪುಡಿಯಾಗುತ್ತದೆ, ನಿಕ್ಕಲ್ ಸಿಪ್ಪೆ ಸುಲಿದು ಬೇರೆಯಾಗುತ್ತದೆ, ಪುಡಿ ಮತ್ತೆ ಆಯಸ್ಕಾಂತವಾಗಬಲ್ಲದು. ಆದರೆ ಇದಕ್ಕೆ ಅನಿಲ ಒಳಹೋಗಲು ಎಲ್ಲಾದರೂ ಒಂದು ಬಿರುಕು ಬೇಕು. ಜೊತೆಗೆ ಎಪಾಕ್ಸಿಯ ಚೂರುಗಳು ಪುಡಿಯಲ್ಲಿ ಉಳಿದರೆ ಅದರ ಇಂಗಾಲ ಹೊಸ ಆಯಸ್ಕಾಂತವನ್ನು ಕೆಡಿಸುತ್ತದೆ. ಹದಿನೈದು ವರ್ಷ ಬಿಡದೆ ಅಂಟಿಕೊಂಡಿದ್ದು, ಬೇಕೆಂದಾಗ ಒಂದೇ ಹಾಳೆಯಾಗಿ ಕಳಚಿಬರುವ ಪಾಲಿಮರ್ ಯಾವುದು? ಬೆಳಗಿನ ಗೋಷ್ಠಿ ಈ ಪ್ರಶ್ನೆಯಿಂದಲೇ ಶುರುವಾಗಬಹುದು.