ಗಂಡು ಗಿಡ, ಹೆಣ್ಣು ಗಿಡ

ಹಿತ್ತಿಲಿನಲ್ಲಿ ಪರಂಗಿಯ ಬೀಜವನ್ನು ನೆಟ್ಟವರೆಲ್ಲರೂ ಒಂದು ಆತಂಕವನ್ನು ಬಲ್ಲರು. ಸಸಿಯು ಬೆಳೆದು ಹೂ ಬಿಡುವವರೆಗೆ ಅದು ಗಂಡೋ ಹೆಣ್ಣೋ ತಿಳಿಯದು. ನೀಳವಾದ ಜೋಲುಗೊಂಚಲು ಕಾಣಿಸಿಕೊಂಡಿತೆಂದರೆ ಮನೆಯವರ ಆಸೆ ಮುಗಿಯಿತು, ಮಚ್ಚು ಹೊರಬರುವುದು. ಹೀಗೆ ಗಂಡು ಬೇರೆ, ಹೆಣ್ಣು ಬೇರೆಯಾಗಿ ನಿಲ್ಲುವ ಜಾತಿಗಳು ಹೂಬಿಡುವ ಸಸ್ಯಗಳಲ್ಲಿ ನೂರಕ್ಕೆ ಐದಾರು ಮಾತ್ರ. ಇವೆರಡರ ಬೆಳವಣಿಗೆಯಲ್ಲಿ ಭೇದವುಂಟೆ? ಉಂಟಾದರೆ ಅದು ಯಾವುದಾದರೊಂದು ಗಂಡುರಸದ, ಹೆಣ್ಣುರಸದ ಕೆಲಸವೆ? ಈ ಪ್ರಶ್ನೆಯನ್ನು ವಿಲೋ ಎಂಬ ಪೊದೆಯ ಮುಂದಿಟ್ಟು ನೋಡೋಣ.

ವಿಲೋ ಎಂದೊಡನೆ ನಗರವಾಸಿಗಳಿಗೆ ಕ್ರಿಕೆಟ್ ಬ್ಯಾಟು ನೆನಪಾಗಬಹುದು. ಆದರೆ ಅದರ ಕುಲದಲ್ಲಿ ಮರಗಳಿರುವಂತೆ ಪೊದೆಗಳೂ ಉಂಟು. ಉತ್ತರ ಧ್ರುವದ ಕಡೆಗೆ ಹೋದರೆ ನೆಲವನ್ನು ಅಪ್ಪಿಕೊಂಡೇ ಹರಡುವ ಕುಳ್ಳ ಜಾತಿಯೂ ಉಂಟು.

ಈ ಗಿಡಗಳಿಗೆ ಚಳಿಗಾಲದ ಮುನ್ಸೂಚನೆಯನ್ನು ಕೊಡುವುದು ಮುಖ್ಯವಾಗಿ ಚಳಿಯಲ್ಲ, ಹಗಲಿನ ಕುಗ್ಗುವಿಕೆ. ನಾರ್ವೆಯಲ್ಲಿ ಓಲಾವಿ ಯುಂಟಿಲ ಮೊದಲಾದವರು 1980ರ ದಶಕದಲ್ಲಿ ಒಂದು ಜಾತಿಯ ವಿಲೋ ಸಸಿಗಳನ್ನು ಚಿಕ್ಕ ಹಗಲಿನಲ್ಲಿ ಇರಿಸಿದಾಗ ಅವು ಎತ್ತರವಾಗುವುದನ್ನು ನಿಲ್ಲಿಸಿದುವು. ಹೊರಗಿನಿಂದ ಗಿಬ್ಬರೆಲಿನ್ ಎಂಬ ಹಾರ್ಮೋನನ್ನು ಕೊಟ್ಟರೆ ಮರಳಿ ಬೆಳೆಯತೊಡಗಿದುವು. ಈ ಗಿಬ್ಬರೆಲಿನ್ನಿನ ಪರಿಚಯವಾದುದು ಬತ್ತದ ಗದ್ದೆಯಲ್ಲಿ ಎಂಬುದು ವಿನೋದದ ಸಂಗತಿ. ಪೈರು ಬಡಕಲಾಗಿ ಅತಿಯಾಗಿ ಉದ್ದವಾಗುವ ಒಂದು ರೋಗಕ್ಕೆ ಜಪಾನೀಯರು ‘ಹುಚ್ಚು ಸಸಿ’ ಎಂಬರ್ಥದ ಹೆಸರನ್ನಿಟ್ಟಿದ್ದರು. ಬೂಷ್ಟೊಂದು ಸ್ರವಿಸುವ ದ್ರವ್ಯವೇ ಅದಕ್ಕೆ ಕಾರಣವೆಂದು ಕುರೊಸಾವ 1926ರಲ್ಲಿ ತೋರಿಸಿದನು. ಇನ್ನು ಮೊಗ್ಗಿನ ಚಳಿಗಾಲದ ನಿದ್ರೆಯನ್ನು ಕಾಯುವುದರಲ್ಲಿ ಅಬ್ಸಿಸಿಕ್ ಆಮ್ಲವೆಂಬ ಇನ್ನೊಂದು ಹಾರ್ಮೋನಿಗೆ ದೊಡ್ಡ ಪಾಲುಂಟು.

ಈ ದ್ರವ್ಯಗಳು ಗಂಡಿನಲ್ಲಿಯೂ ಇವೆ, ಹೆಣ್ಣಿನಲ್ಲಿಯೂ ಇವೆ. ಗಂಡುರಸ, ಹೆಣ್ಣುರಸ ಎಂಬುದು ಪ್ರಾಣಿಗಳನ್ನು ನೋಡಿ ಗಿಡಗಳಿಗೆ ಹೊರಿಸಿದ ಮಾತು. ಅದನ್ನು ಬಿಡುವುದೇ ಲೇಸೆಂದು ನಮ್ಮ ಅಭಿಪ್ರಾಯ. ಹಾಗೆಂದು ಲಿಂಗಕ್ಕೂ ಹಾರ್ಮೋನಿಗೂ ಸಂಬಂಧವೇ ಇಲ್ಲವೆನ್ನಲಾಗದು. ವಿಲೋವಿನ ದಾಯಾದಿಯಾದ ಪಾಪ್ಲರ್ ಮರದಲ್ಲಿ ಒಂದೇ ಜೀನು ಲಿಂಗವನ್ನು ನಿರ್ಣಯಿಸುವುದೆಂದು 2020ರಲ್ಲಿ ಪ್ರಕಟವಾಯಿತು. ಜೀವಕೋಶವು ಸೈಟೊಕೈನಿನ್ ಎಂಬ ಹಾರ್ಮೋನಿನ ಸಂದೇಶಕ್ಕೆ ಓಗೊಡುವ ಏರ್ಪಾಡಿಗೆ ಸೇರಿದ ಜೀನದು. ಹೆಣ್ಣು ಮರದಲ್ಲಿ ಅದನ್ನು ಕೆಡಿಸಿದರೆ ಗಂಡು ಹೂಗಳೇ ಅರಳಿದುವು! ಹಾರ್ಮೋನು ಎರಡಕ್ಕೂ ಒಂದೇ. ಅದನ್ನು ಕೇಳುವ ಕಿವಿ ಬೇರೆ.

ಹೂವಾದ ಮೇಲೆ ಮಾತ್ರ ಎರಡರ ಸಂಸಾರವೂ ಬೇರೆಯಾಗುವುದು. ಗಂಡು ವಿಲೋ ಪರಾಗವನ್ನು ಚೆಲ್ಲಿ ಹೂತೆನೆಗಳನ್ನು ಉದುರಿಸಿತೆಂದರೆ ಆ ವರ್ಷದ ಖರ್ಚು ತೀರಿತು. ಉಳಿದ ದಿನಗಳ ಸಂಪಾದನೆಯೆಲ್ಲವೂ ಎಲೆಗೆ, ಕೊಂಬೆಗೆ, ಬೇರಿಗೆ. ಹೆಣ್ಣಿಗಾದರೋ ಖರ್ಚು ಆಗ ಮೊದಲಾಗುವುದು. ಕಾಯಿ ಕಟ್ಟಿ, ಬಲಿತು, ಅರಳೆಯಂತಹ ಬೀಜಗಳು ಗಾಳಿಗೆ ಹಾರುವವರೆಗೆ ನೀರನ್ನೂ ಸಾರವನ್ನೂ ಹಂಚಬೇಕು. ಇಷ್ಟಾದರೂ ಹೆಣ್ಣು ಯಾವಾಗಲೂ ಕುಳ್ಳೆಂದು ತಿಳಿಯಬಾರದು. ಅಳೆದು ನೋಡಿದವರಿಗೆ ಕೆಲವು ಜಾತಿಗಳಲ್ಲಿ ಭೇದವೇ ಕಂಡಿಲ್ಲ.

ಭೇದವು ಬೇರೊಂದು ರೀತಿಯಲ್ಲಿ ಕಂಡುದು ಕೆನಡದ ಉತ್ತರದಲ್ಲಿರುವ ಎಲ್ಸ್‌ಮಿಯರ್ ದ್ವೀಪದಲ್ಲಿ. ಅಲ್ಲಿ ಬೇಸಿಗೆಯೆಂಬುದು ಕೆಲವೇ ವಾರ. ಡಾಸನ್ ಮತ್ತು ಬ್ಲಿಸ್ ಎಂಬುವರು ಧ್ರುವದ ಕುಳ್ಳ ವಿಲೋಗಳನ್ನು ಎಣಿಸಿ 1989ರಲ್ಲಿ ತಿಳಿಸಿದಂತೆ, ಸಾರವತ್ತಾದ ಜೌಗುನೆಲದಲ್ಲಿ ಹೆಣ್ಣುಗಳೇ ಹೆಚ್ಚು. ಸಾರವಿಲ್ಲದ ಒಣನೆಲದಲ್ಲಿ ಗಂಡುಗಳೇ ಹೆಚ್ಚು. ಕಾಯಿ ಬಲಿಸಬೇಕಾದವಳು ನೀರಿರುವಲ್ಲಿ ಬಾಳುವಳೆಂದು ಇದನ್ನು ನಾವು ಓದಿಕೊಳ್ಳಬಹುದು. ಧ್ರುವಪ್ರದೇಶವು ಭೂಮಿಯ ಮಿಕ್ಕ ಭಾಗಕ್ಕಿಂತ ಬೇಗನೆ ಬಿಸಿಯಾಗುತ್ತಿದೆ. ಯಾವುದಾದರೊಂದು ಜೌಗು ಒಣಗಿಹೋದರೆ ಅಲ್ಲಿ ಗಂಡು ವಿಲೋಗಳು ಉಳಿದು, ಹಸುರು ಹಾಗೆಯೇ ಕಂಡೀತು. ಗಾಳಿಗೆ ಹಾರುವ ಅರಳೆ ಮಾತ್ರ ಇರಲಾರದು.